ಹಕಾರ ತಪ್ಪಿದ ಆರು ಸೆಕೆಂಡು: ಆನ್‌ಲೈನ್ ಗೇಲಿಗೆ ಸಿಕ್ಕ ಎಂಟನೇ ತರಗತಿ ಹುಡುಗನ ಪ್ರಕರಣ

ಈ ಪ್ರಕರಣದಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಊರು, ಶಾಲೆ, ಮನೆಯ ಕಸುಬು, ತಾರೀಖು ಇವುಗಳಲ್ಲಿ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ. ಯಾರು ಯಾವುದನ್ನು ಮೊದಲು ಮಾಡಿದರು, ಯಾವುದನ್ನು ಆಮೇಲೆ ಮಾಡಿದರು ಎಂಬುದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇವೆ. ಈ ಮನೆಯವರು ಮಾಡಿದ ಕೆಲಸಗಳಲ್ಲಿ ಹೆಚ್ಚಿನವು ತಪ್ಪಾಗಿರಲಿಲ್ಲ, ಹಿಂದುಮುಂದಾಗಿದ್ದವು ಅಷ್ಟೆ. ಹಾನಿಯಲ್ಲಿ ದೊಡ್ಡ ಪಾಲು ಬಂದದ್ದು ಅದರಿಂದ.

ಹಿನ್ನೆಲೆ

ಹುಡುಗನಿಗೆ 13 ವರ್ಷ. ಹಳೆ ಮೈಸೂರು ಸೀಮೆಯ ಒಂದು ಹಳ್ಳಿ. ಐದನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಓದಿ, ಆಮೇಲೆ 14 ಕಿ.ಮೀ. ದೂರದ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ವ್ಯಾನಿನಲ್ಲಿ ಹೋಗಿಬರುತ್ತಿದ್ದ. ಅಪ್ಪ ರೇಷ್ಮೆ ಬೆಳೆಗಾರ, ಅವ್ವ ಅಂಗನವಾಡಿ ಸಹಾಯಕಿ, ಅಕ್ಕ ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುವವಳು. ಮನೆಗಿದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅದು ಅವ್ವನದು. ಹಗಲೆಲ್ಲ ಅಂಗನವಾಡಿಯ ಕೆಲಸಕ್ಕೆ ಬೇಕು. ಸಂಜೆ ಆರರ ಮೇಲೆ, ಹೋಂವರ್ಕ್ ಬರುವುದು ಅದರಲ್ಲೇ ಆದ್ದರಿಂದ, ಫೋನು ಹುಡುಗನ ಕೈಗೆ. ತರಗತಿಯ ಅಧಿಕೃತ ವಾಟ್ಸ್‌ಆ್ಯಪ್ ಗುಂಪಿನ ಜೊತೆಗೆ ಮಕ್ಕಳೇ ಮಾಡಿಕೊಂಡ ಇನ್ನೊಂದು ಗುಂಪೂ ಇತ್ತು, ಸುಮಾರು 40 ಮಂದಿಯದು. ಅದು ಇದೆ ಎಂದು ಶಿಕ್ಷಕರಿಗೂ ಗೊತ್ತು. ಅಧಿಕೃತವಲ್ಲವಲ್ಲ ಎಂದು ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ.

ಅದೇ ಫೋನಿನಲ್ಲಿ ಹುಡುಗ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದ. ಅದಕ್ಕೆ ಕನಿಷ್ಠ 13 ವರ್ಷ ಆಗಿರಬೇಕು. ತೆರೆದಾಗ ಅವನಿಗೆ 12, ಹಾಗಾಗಿ ಹುಟ್ಟಿದ ವರ್ಷ 2000 ಎಂದು ಹಾಕಿದ್ದ. ಈ ಸುಳ್ಳಿಗೆ ಆಮೇಲೆ ಬೆಲೆ ತೆರಬೇಕಾಯಿತು. ಹದಿಹರೆಯದವರ ಖಾತೆಗಳನ್ನು ತಾನಾಗಿಯೇ ಪ್ರೈವೇಟ್ ಮಾಡಿ, ಅಪರಿಚಿತರ ಮೆಸೇಜು ತಡೆಯುವ 'ಟೀನ್ ಅಕೌಂಟ್' ವ್ಯವಸ್ಥೆ ಭಾರತಕ್ಕೆ ಬಂದದ್ದು 2025ರ ಫೆಬ್ರುವರಿಯಲ್ಲಿ. ಆ್ಯಪ್‌ನ ಲೆಕ್ಕದಲ್ಲಿ ಇವನು 25ರ ಯುವಕ. ಖಾತೆ ಬಾಗಿಲು ತೆರೆದ ಮನೆಯ ಹಾಗೆ ಇತ್ತು, ಅವನ ಫೋಟೊ ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು.

ಆದದ್ದೇನು

2025ರ ನವೆಂಬರ್ 1, ರಾಜ್ಯೋತ್ಸವ. ಹುಡುಗನ ಕಂಠ ಚೆನ್ನಾಗಿದೆಯೆಂದು ಸ್ವಾಗತ ಅವನಿಗೆ ಕೊಟ್ಟಿದ್ದರು. ಅವನ ಊರಿನ ಮಾತಿನಲ್ಲಿ ಹಾಲು ಆಲು, ಹಳ್ಳಿ ಅಳ್ಳಿ. ವೇದಿಕೆಯಲ್ಲಿ ಹಕಾರ ಬಿಟ್ಟುಹೋಗಬಾರದೆಂದು ಮೂರು ದಿನ ಅಭ್ಯಾಸ ಮಾಡಿದ್ದ. ಹಾಗೆ ಜೋಪಾನ ಮಾಡಿಕೊಂಡ ಹಕಾರ ಇರಬಾರದ ಕಡೆ ಬಂದು ಕೂತಿತು. 'ಆದರದ ಸ್ವಾಗತ' ಹೋಗಿ 'ಹಾದರದ ಸ್ವಾಗತ' ಆಯಿತು. ಸಭೆ ನಕ್ಕಿತು. ವೇದಿಕೆಯ ಮೇಲಿದ್ದ ಶಿಕ್ಷಕರೂ ನಕ್ಕರು.

ಅಲ್ಲಿಗೇ ಮುಗಿದಿದ್ದರೆ ಎರಡು ದಿನದ ಮಾತು. ಆದರೆ ಶಾಲೆಯವರು ಕಾರ್ಯಕ್ರಮದ ಪೂರ್ತಿ ವಿಡಿಯೊವನ್ನು ಅಧಿಕೃತ ಗುಂಪಿಗೆ ಹಾಕಿದರು. ಅದರಿಂದ ಆರು ಸೆಕೆಂಡು ಕತ್ತರಿಸಿದವರು ಮಕ್ಕಳು. 3ನೇ ತಾರೀಖಿನ ಹೊತ್ತಿಗೆ ಅದು ಮಕ್ಕಳ ಗುಂಪಿನಲ್ಲಿ ಸ್ಟಿಕರ್ ಆಗಿತ್ತು. ಯಾರು ಏನೇ ಬರೆದರೂ ಉತ್ತರವಾಗಿ ಅವನ ಬಾಯಿ ತೆರೆದ ಮುಖ. ಒಂದು ವಾರದೊಳಗೆ ಗೇಲಿ ಉಚ್ಚಾರಣೆಯಿಂದ ಪದದ ಅರ್ಥಕ್ಕೆ ಜಾರಿ ಅವನ ಅವ್ವನ ಮೇಲೆ ಹೊರಳಿತು. 10ನೇ ತಾರೀಖು ಅವನ ಹೆಸರು, ಅವನದೇ ಫೋಟೊ ಇಟ್ಟು ಇನ್ನೊಂದು ಇನ್‌ಸ್ಟಾಗ್ರಾಂ ಖಾತೆ ಹುಟ್ಟಿತು. ಆ ಖಾತೆಯಿಂದ ತರಗತಿಯ ನಾಲ್ಕು ಹುಡುಗಿಯರಿಗೆ 'ಲವ್ ಯೂ' ಮೆಸೇಜುಗಳು ಹೋದವು.

ರೇಗಿಸುವುದಕ್ಕೂ ಬುಲ್ಲಿಯಿಂಗಿಗೂ ಗೆರೆ ಎಲ್ಲಿದೆ ಎಂದು ಪೋಷಕರು ಕೇಳುತ್ತಾರೆ. ಈ ವಿಷಯದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಡಾನ್ ಓಲ್ವೆಯಸ್ ಮೂರು ಗುರುತು ಹೇಳಿದ್ದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಅಸಮ ಇರುವುದು. ಆನ್‌ಲೈನಿನಲ್ಲಿ ಎರಡನೆಯದರ ಲೆಕ್ಕ ಬದಲಾಗುತ್ತದೆ. ಒಬ್ಬ ಒಂದೇ ಸಲ ಹಾಕಿದ್ದನ್ನು 40 ಮಂದಿ 40 ಸಲ ಬಳಸಿದರೆ, ಹಾಕಿದವನಿಗೆ ಅದು ಒಂದು ಸಲದ ತಮಾಷೆ, ಸಿಕ್ಕಿಬಿದ್ದವನಿಗೆ ದಿನಕ್ಕೆ 40 ಸಲ. ಅಸಮಬಲವೂ ಮೈಕಟ್ಟಿನದ್ದೇ ಆಗಬೇಕಿಲ್ಲ. ಇಲ್ಲಿ ಅದು ಪೇಟೆಯ ಕನ್ನಡಕ್ಕೂ ಹಳ್ಳಿಯ ಕನ್ನಡಕ್ಕೂ ಇದ್ದ ಅಂತರ.

ಮನೆಯಲ್ಲಿ ಕಂಡ ಲಕ್ಷಣಗಳು ಸಣ್ಣವು. ಸೋಮವಾರ ಹೊಟ್ಟೆನೋವು. ಸಂಜೆ ಫೋನು ಕೊಟ್ಟರೆ ಹೋಂವರ್ಕ್ ಬರೆದುಕೊಂಡು ಐದೇ ನಿಮಿಷಕ್ಕೆ ವಾಪಸ್. ಅವ್ವನಿಗೆ ಇದು ಒಳ್ಳೆ ಬುದ್ಧಿ ಬಂದಂತೆ ಕಂಡಿತ್ತು. ಫೋನಿಗೆ ಅಂಟಿಕೊಳ್ಳುವುದನ್ನು ಮಾತ್ರ ಅಪಾಯದ ಗುರುತೆಂದು ತಿಳಿದವರು, ಇದ್ದಕ್ಕಿದ್ದಂತೆ ಫೋನಿಂದ ದೂರ ಸರಿಯುವುದನ್ನು ಗಮನಿಸುವುದಿಲ್ಲ. "ಯಾಕ್ಲಾ, ಉಣ್ಣಕ್ಕೂ ಬೇಜಾರಾ?" ಎಂದು ಕೇಳಿದ್ದಕ್ಕೆ "ಏನಿಲ್ಲ ಕಣವ್ವ" ಎಂದಿದ್ದ. ಅವ್ವನನ್ನೇ ಬೈದಿರುವ ಮಾತನ್ನು ಅವ್ವನಿಗೆ ಹೇಗೆ ತೋರಿಸುವುದು?

ಮೊದಲ ವಾರದ ಎಡವಟ್ಟುಗಳು

17ನೇ ತಾರೀಖು ಒಬ್ಬ ಹುಡುಗಿಯ ತಾಯಿ ಮೆಸೇಜು ತೋರಿಸಿ ಶಾಲೆಗೆ ದೂರು ಕೊಟ್ಟರು. ಶಾಲೆ ಕರೆಸಿದ್ದು ನಮ್ಮ ಹುಡುಗನ ಅಪ್ಪನನ್ನು, ಆರೋಪಿಯ ತಂದೆಯಾಗಿ. ಖಾತೆ ನಿಜವಾಗಿ ಯಾರದು ಎಂದು ಯಾರೂ ಕೇಳಲಿಲ್ಲ. ಹೆಸರು ಅವನದು, ಫೋಟೊ ಅವನದು, ಮತ್ತೇನು ಬೇಕು? ಅಪ್ಪ ಆಫೀಸಿನ ಬಾಗಿಲಲ್ಲೇ ಮಗನ ಕೆನ್ನೆಗೆ ಹೊಡೆದರು. ಮನೆಗೆ ಬಂದು ಫೋನಿಂದ ಇನ್‌ಸ್ಟಾಗ್ರಾಂ ಅಳಿಸಿದರು, ಮಕ್ಕಳ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬಂದು ಚಾಟನ್ನೂ ಅಳಿಸಿದರು.

ಆ ಎರಡು ಅಳಿಸುವಿಕೆಗಳ ಪರಿಣಾಮ ಒಂದೇ ಅಲ್ಲ. ಆ್ಯಪ್ ತೆಗೆದರೆ ಇನ್‌ಸ್ಟಾಗ್ರಾಂ ಖಾತೆ ಅಳಿಯುವುದಿಲ್ಲ. ಮತ್ತೆ ಲಾಗಿನ್ ಆದರೆ ಮೆಸೇಜುಗಳು ಅಲ್ಲೇ ಇರುತ್ತವೆ. ವಾಟ್ಸ್‌ಆ್ಯಪ್ ಚಾಟ್ ಹಾಗಲ್ಲ, ಅದು ಇರುವುದು ಫೋನಿನಲ್ಲಿ. ಅವ್ವನ ಫೋನಿಗೆ ಬ್ಯಾಕಪ್ ಇರಲಿಲ್ಲ. ಎರಡು ವಾರದ ಸಾಕ್ಷಿ ಹತ್ತು ಸೆಕೆಂಡಿನಲ್ಲಿ ಹೋಯಿತು.

ಮರುದಿನ ಅವ್ವ ಪೋಷಕರ ಗುಂಪಿಗೆ ಎರಡು ನಿಮಿಷದ ಧ್ವನಿ ಸಂದೇಶ ಕಳಿಸಿದರು. ನನ್ನ ಮಗ ಅಂಥವನಲ್ಲ, ಯಾರ ಮಕ್ಕಳು ಮಾಡಿದ್ದೋ ಆ ದೇವರು ನೋಡಿಕೊಳ್ಳಲಿ ಎಂದು. ತಾಯಿಯ ಸಂಕಟ ಅರ್ಥವಾಗುತ್ತದೆ. ಆದರೆ ಅಲ್ಲಿಯವರೆಗೆ ವಿಡಿಯೊ ನೋಡದಿದ್ದ ಮನೆಗಳಲ್ಲೆಲ್ಲ ಅಂದು ರಾತ್ರಿ ಅದನ್ನು ಹುಡುಕಿ ನೋಡಿದರು. ಆ ಧ್ವನಿ ಸಂದೇಶವೂ ಮಕ್ಕಳ ಗುಂಪಿಗೆ ಹೋಗಿ ಹೊಸ ಗೇಲಿಯಾಯಿತು. ಹುಡುಗ ಅಂದಿನಿಂದ ಶಾಲೆಗೆ ಹೋಗಲಿಲ್ಲ.

ಮೂರನೆಯ ಪ್ರಯತ್ನ ಊರಿನ ಹುಡುಗರದು. ಸುಮಾರು 20 ಮಂದಿ ಒಟ್ಟಿಗೆ ಆ ಖಾತೆಯನ್ನು ರಿಪೋರ್ಟ್ ಮಾಡಿದರು, ಕೆಲವರು 'ಸ್ಪ್ಯಾಮ್' ಎಂದು, ಕೆಲವರು 'ನನಗಿದು ಇಷ್ಟವಿಲ್ಲ' ಎಂದು. ಖಾತೆ ಅಲ್ಲಾಡಲಿಲ್ಲ. ಸೋಗಿನ ಖಾತೆಯ ದೂರು ಲೆಕ್ಕಕ್ಕೆ ಬರುವುದು ಯಾರ ಸೋಗು ಹಾಕಲಾಗಿದೆಯೋ ಅವರಿಂದ ಅಥವಾ ಅವರ ಪ್ರತಿನಿಧಿಯಿಂದ ಬಂದಾಗ. ಮಕ್ಕಳ ವಿಷಯದಲ್ಲಿ ಪ್ರತಿನಿಧಿ ಎಂದರೆ ತಂದೆತಾಯಿ. ತಲೆ ಎಣಿಕೆಯಿಂದ ಆಗುವ ಕೆಲಸ ಅದಲ್ಲ. ಊರಿನ ಹುಡುಗರು ಸ್ಟೇಟಸ್ಸಿನಲ್ಲಿ ಇದನ್ನು ಜಂಬ ಕೊಚ್ಚಿಕೊಂಡದ್ದರಿಂದ ಖಾತೆ ನಡೆಸುತ್ತಿದ್ದವರು ಎಚ್ಚೆತ್ತು, ಖಾತೆಯ ಹೆಸರಿನಲ್ಲಿ ಎರಡು ಅಕ್ಷರ ಬದಲಿಸಿದರು. ಹಳೆಯ ಲಿಂಕು ಅದರೊಂದಿಗೆ ಸತ್ತಿತು.

ತಿರುವು: 11.20

ಶನಿವಾರ, 22ರಂದು ಅಕ್ಕ ಊರಿಗೆ ಬಂದಳು. ಅವಳು ತಮ್ಮನನ್ನು 'ಮಾಡಿದ್ದು ನೀನೇನಾ' ಎಂದು ಕೇಳಲಿಲ್ಲ. ದೂರು ಕೊಟ್ಟ ತಾಯಿಗೆ ಫೋನ್ ಮಾಡಿ, ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಬಹುದೇ ಎಂದು ಕೇಳಿದಳು. ಆ ತಾಯಿ ಕಳಿಸಿದರು. ಇಡೀ ಪ್ರಕರಣದ ಕೀಲಿ ಅದರಲ್ಲಿತ್ತು. ಮೆಸೇಜಿನ ಮೇಲೆ ಇದ್ದ ಸಮಯ ನವೆಂಬರ್ 13, ಗುರುವಾರ, ಬೆಳಗ್ಗೆ 11.20. ಆ ಹೊತ್ತಿಗೆ ತಮ್ಮ ಫೋನ್ ನಿಷೇಧವಿರುವ ಶಾಲೆಯಲ್ಲಿ, ಮೂರನೇ ಪಿರಿಯಡ್‌ನಲ್ಲಿ. ಮನೆಯ ಫೋನ್ ಅಂಗನವಾಡಿಯಲ್ಲಿ ಅವ್ವನ ಕೈಯಲ್ಲಿ, ಅದೇ ಹೊತ್ತಿಗೆ ಮಕ್ಕಳ ಹಾಜರಿಯ ಫೋಟೊ ತೆಗೆಯುತ್ತ.

ಎದುರು ಪಕ್ಷ ಎಂದುಕೊಂಡಿದ್ದ ಆ ತಾಯಿಯೇ ಈ ಮನೆಗೆ ಮೊದಲ ಆಸರೆಯಾದರು. ತಮ್ಮ ಮಗಳ ಫೋನಿನಿಂದ ಮಕ್ಕಳ ಗುಂಪಿನ ಚಾಟನ್ನು 'ಎಕ್ಸ್‌ಪೋರ್ಟ್' ಮಾಡಿ ಇಟ್ಟುಕೊಟ್ಟರು. ಅಪ್ಪ ಅಳಿಸಿದ್ದರಲ್ಲಿ ಬಹುಪಾಲು ಹೀಗೆ ಮರಳಿ ಸಿಕ್ಕಿತು. ಅಂದು ರಾತ್ರಿ ಅಕ್ಕ 1098ಕ್ಕೆ, ಮಕ್ಕಳ ಸಹಾಯವಾಣಿಗೆ, ಕರೆ ಮಾಡಿದಳು. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ. ಸೋಮವಾರ ಒಬ್ಬ ಆಪ್ತಸಮಾಲೋಚಕಿ ಮನೆಯವರನ್ನು ಕಂಡರು.

ಸಾಕ್ಷಿ ಕೂಡಿಡುವ ಕ್ರಮ

ಸಮಾಲೋಚಕಿ ಮೊದಲು ಹೇಳಿದ್ದು: ಇವತ್ತು ರಿಪೋರ್ಟ್ ಮಾಡಬೇಡಿ. ರಿಪೋರ್ಟ್ ಯಶಸ್ವಿಯಾದರೆ ಖಾತೆ ಮಾಯವಾಗುತ್ತದೆ, ಜೊತೆಗೆ ನೀವು ತೋರಿಸಬೇಕಾದದ್ದೂ ಮಾಯವಾಗುತ್ತದೆ. ಒಂದು ಸಂಜೆ ಪೂರ್ತಿ ಕೂಡಿಡುವುದಕ್ಕೇ ಹೋಯಿತು.

ಆ ಖಾತೆಯ ಪುಟವನ್ನು ಬ್ರೌಸರ್‌ನಲ್ಲಿ ತೆರೆದು, ವಿಳಾಸದ ಸಾಲು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದರು. ಆ್ಯಪ್‌ನ ಒಳಗಿನ ಚಿತ್ರದಲ್ಲಿ ಪೂರ್ತಿ ಲಿಂಕು ಕಾಣುವುದಿಲ್ಲ. ಖಾತೆಯ ಬಗೆಗಿನ ಮಾಹಿತಿ ಪುಟದಲ್ಲಿ ತೆರೆದ ತಿಂಗಳು, ಹಿಂದೆ ಎಷ್ಟು ಸಲ ಹೆಸರು ಬದಲಾಗಿದೆ ಎಂಬುದು ಇತ್ತು, ಅದನ್ನೂ ತೆಗೆದರು. ಯಾವ ಚಿತ್ರವನ್ನೂ ಕತ್ತರಿಸಲಿಲ್ಲ. ಮೇಲಿನ ಪಟ್ಟಿಯ ಗಡಿಯಾರವೂ ಸಾಕ್ಷಿಯೇ. ಪ್ರೊಫೈಲಿನಿಂದ ಮೆಸೇಜಿನವರೆಗೆ ನಿಧಾನವಾಗಿ ಸ್ಕ್ರಾಲ್ ಮಾಡಿದ ಸ್ಕ್ರೀನ್ ರೆಕಾರ್ಡಿಂಗ್ ಒಂದು. ಇವೆಲ್ಲದರ ಜೊತೆಗೆ 100 ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಎಲ್ಲಿ ಬಂತು, ಯಾರು ನೋಡಿದರು ಎಂದು ಕೈಬರಹದ ಪಟ್ಟಿ. ಆಮೇಲೆ ಎಲ್ಲ ಕಡೆ ಉಪಯೋಗಕ್ಕೆ ಬಂದದ್ದು ಈ ನೋಟ್‌ಬುಕ್. ಶಾಲೆಯಲ್ಲಾಗಲಿ ಠಾಣೆಯಲ್ಲಾಗಲಿ 60 ಸ್ಕ್ರೀನ್‌ಶಾಟ್ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಒಂದೂವರೆ ಪುಟ ಓದುತ್ತಾರೆ.

ಒಂದು ಎಚ್ಚರಿಕೆ. ಮಗುವಿನ ನಗ್ನ ಅಥವಾ ಲೈಂಗಿಕ ಚಿತ್ರವಿದ್ದರೆ, ಮಾರ್ಫ್ ಮಾಡಿದ್ದಾದರೂ ಸರಿ, ಅದರ ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳಿಸಬಾರದು. ಅದನ್ನು ಇಟ್ಟುಕೊಳ್ಳುವುದು, ಹಂಚುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಅಡಿ ಅಪರಾಧವಾಗಬಲ್ಲದು. ಫೋನನ್ನೇ ಪೊಲೀಸರಿಗೆ ತೋರಿಸಬೇಕು. 18ರೊಳಗಿನವರ ಅಂಥ ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಅದು ಚಿತ್ರವನ್ನು ಪಡೆಯುವುದಿಲ್ಲ, ಫೋನಿನಲ್ಲೇ ಅದರ ಬೆರಳಚ್ಚಿನಂಥ ಸಂಕೇತ ತಯಾರಿಸಿ ಅದನ್ನಷ್ಟೇ ತೆಗೆದುಕೊಳ್ಳುತ್ತದೆ. ಈ ಪ್ರಕರಣದಲ್ಲಿ ಅಂಥದ್ದೇನೂ ಇರಲಿಲ್ಲ. ಹುಡುಗಿಯರಿಗೆ ಹೋದ ಮೆಸೇಜುಗಳನ್ನು ಸಮಾಲೋಚಕಿ ಒಂದೊಂದಾಗಿ ಓದಿದ್ದು ಅದನ್ನು ಖಚಿತ ಮಾಡಿಕೊಳ್ಳಲೆಂದೇ. ಲೈಂಗಿಕ ಕಿರುಕುಳದ ಮಾತಿದ್ದಿದ್ದರೆ ಪೋಕ್ಸೊ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯವಾಗುತ್ತಿತ್ತು. ಆಗ 'ಶಾಲೆಯಲ್ಲೇ ಮಾತಾಡಿ ಮುಗಿಸೋಣ' ಎನ್ನುವ ಅಧಿಕಾರ ಯಾರಿಗೂ ಇರುತ್ತಿರಲಿಲ್ಲ.

ಮಂಗಳವಾರ ಅಪ್ಪನ ಹೆಸರಿನಲ್ಲಿ ಒಂದೇ ಒಂದು ದೂರು ಹೋಯಿತು: ಪ್ರೊಫೈಲಿನ ಮೂರು ಚುಕ್ಕೆ, ರಿಪೋರ್ಟ್, 'ಬೇರೆಯವರ ಸೋಗು' ಎಂಬ ಆಯ್ಕೆ. ಜೊತೆಗೆ ಸಹಾಯ ಕೇಂದ್ರದ ಅರ್ಜಿ, ಗುರುತಿನ ಚೀಟಿ ಸಮೇತ. ಆಗ ಜಾರಿಯಲ್ಲಿದ್ದ 2021ರ ಐಟಿ ನಿಯಮಗಳಲ್ಲಿ ಸೋಗಿನ ದೂರಿಗೆ 24 ಗಂಟೆಯ ಗಡುವಿತ್ತು, ಅರ್ಜಿಯಲ್ಲಿ ಆ ನಿಯಮವನ್ನು ನಮೂದಿಸಿದರು. ಬುಧವಾರ ಸಂಜೆಗೆ ಖಾತೆ ಇರಲಿಲ್ಲ.

ಠಾಣೆಗೆ ಹೋಗಬೇಕೆ?

ಅಪ್ಪನಿಗೆ ಎಫ್‌ಐಆರ್ ಬೇಕಿತ್ತು. ಮಗನ ಮೇಲೆ ಕೈ ಮಾಡಿದ ನೋವು ಸಿಟ್ಟಾಗಿ ಬೇರೆಯವರ ಮಕ್ಕಳ ಕಡೆ ತಿರುಗಿತ್ತು. ಪರಿಚಯದವರೊಬ್ಬರು ಐಟಿ ಕಾಯ್ದೆಯ 66ಎ ಹಾಕಿಸಿ ಎಂದಿದ್ದರು. ಆ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ, ಊರುಗಳಲ್ಲಿ ಇನ್ನೂ ಬದುಕಿದೆ. ಸೋಗಿನ ಖಾತೆಗೆ ಹೊಂದುವುದು ಅದೇ ಕಾಯ್ದೆಯ 66ಸಿ (ಗುರುತಿನ ಕಳವು) ಮತ್ತು 66ಡಿ (ಸೋಗು ಹಾಕಿ ವಂಚನೆ), ಎರಡಕ್ಕೂ ಗರಿಷ್ಠ ಮೂರು ವರ್ಷ ಶಿಕ್ಷೆ. ಮಾಡಿದವರು 18ರೊಳಗಿನವರಾದರೆ ಬಾಲನ್ಯಾಯ ಕಾಯ್ದೆ ಬರುತ್ತದೆ. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವಲ್ಲದಿದ್ದರೆ ಮತ್ತು ವಯಸ್ಕರು ಸೇರಿರದಿದ್ದರೆ ಎಫ್‌ಐಆರ್ ದಾಖಲಿಸುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಇದನ್ನು ಮೊದಲೇ ತಿಳಿಸಿದ್ದರಿಂದ 'ಪೊಲೀಸರು ಕೇಸು ತಗೊಳ್ಳಲಿಲ್ಲ' ಎಂಬ ಇನ್ನೊಂದು ಅವಮಾನ ಅಪ್ಪನಿಗೆ ತಪ್ಪಿತು.

ಖಾತೆ ಯಾರದೆಂದು ಆಗಿನ್ನೂ ಗೊತ್ತಿರಲಿಲ್ಲ. ಹಾಗಾಗಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಪರಿಚಿತರ ವಿರುದ್ಧ ದೂರು ದಾಖಲಿಸಿ, ಅದರ ಪ್ರತಿಯನ್ನು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಕೊಟ್ಟರು. ಸೈಬರ್ ಸಹಾಯವಾಣಿ 1930ಕ್ಕೆ ಯಾಕೆ ಕರೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. ಆ ಸಂಖ್ಯೆ ಹೆಚ್ಚು ಕೆಲಸಕ್ಕೆ ಬರುವುದು ಹಣ ಹೋದಾಗ, ಬ್ಯಾಂಕಿನಲ್ಲಿ ಅದನ್ನು ತಡೆಹಿಡಿಸಲು.

ಶಾಲೆಯೊಳಗೆ

ಇನ್ನೊಂದು ಕವಲು ಇಲ್ಲಿತ್ತು. 13ರಂದು ತರಗತಿಗೆ ಗೈರಾಗಿದ್ದವರು ಮೂವರು. ಮುಖ್ಯೋಪಾಧ್ಯಾಯರು ಆ ಮೂವರನ್ನೂ ಆಫೀಸಿಗೆ ಕರೆಸಿ ಫೋನ್ ತೆರೆಸುತ್ತೇವೆ ಎಂದರು. ಸಮಾಲೋಚಕಿ ಒಪ್ಪಲಿಲ್ಲ. ಹತ್ತು ದಿನದ ಹಿಂದೆ ಹೆಸರು ಮತ್ತು ಫೋಟೊ ನೋಡಿ ಒಬ್ಬನನ್ನು ಆರೋಪಿ ಮಾಡಿದ್ದಾಗಿದೆ, ಈಗ ಹಾಜರಿ ಪುಸ್ತಕ ನೋಡಿ ಮೂವರನ್ನು ಮಾಡುವುದು ಬೇಡ ಎಂದರು. ಬದಲಿಗೆ ತರಗತಿಯ ಮಕ್ಕಳೊಂದಿಗೆ ಒಬ್ಬೊಬ್ಬರಾಗಿ, ಹತ್ತು ಹತ್ತು ನಿಮಿಷ ಮಾತು. 'ಮಾಡಿದ್ದು ಯಾರು' ಎಂಬ ಪ್ರಶ್ನೆಯೇ ಇರಲಿಲ್ಲ. 'ಅವನು ಶಾಲೆಗೆ ಬರುತ್ತಿಲ್ಲ. ವಾಪಸ್ ಬರಲು ನೀನು ಏನು ಮಾಡಬಹುದು?' ಎಂಬುದಷ್ಟೇ.

ಎರಡನೇ ದಿನ ಒಬ್ಬ ಹುಡುಗ ಅತ್ತು ಹೇಳಿದ. ಖಾತೆ ತೆರೆದದ್ದು ಇನ್ನೊಬ್ಬ, ಪಾಸ್‌ವರ್ಡ್ ಮೂವರ ಬಳಿ ಇತ್ತು, 'ಲವ್ ಯೂ' ಕಳಿಸಿದ್ದು ಮೂರನೆಯವನು. ಮೂವರಲ್ಲಿ ಗೈರಾಗಿದ್ದವನು ಒಬ್ಬ ಮಾತ್ರ. ಗೈರುಪಟ್ಟಿ ಹಿಡಿದು ಹೊರಟಿದ್ದರೆ ಇನ್ನಿಬ್ಬರು ನಿರಪರಾಧಿಗಳು ಸಿಕ್ಕಿಬೀಳುತ್ತಿದ್ದರು, ಇಬ್ಬರು ಪಾಲುದಾರರು ತಪ್ಪಿಸಿಕೊಳ್ಳುತ್ತಿದ್ದರು. ಅತ್ತು ಹೇಳಿದ ಹುಡುಗ ನಮ್ಮ ಹುಡುಗನ ವ್ಯಾನಿನಲ್ಲೇ ಬರುವವನು, ಪಕ್ಕದ ಊರಿನವನು. ಅವನ ಬಾಯಲ್ಲೂ ಹಳ್ಳಿ ಅಳ್ಳಿಯೇ. ಮುಂದಿನ ಸರದಿ ತನ್ನದಾಗದಿರಲೆಂದು ನಗುವವರ ಜೊತೆ ಸೇರಿದ್ದ.

ಮೂವರ ಪೋಷಕರನ್ನೂ ಬೇರೆ ಬೇರೆ ದಿನ ಕರೆಸಿದರು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸುವ ಪ್ರಸ್ತಾಪವನ್ನು ಕೈಬಿಟ್ಟರು. ಅದರಿಂದ ಆರು ಸೆಕೆಂಡಿನ ವಿಡಿಯೊ ಮತ್ತೊಮ್ಮೆ ಎಲ್ಲರ ನೆನಪಿಗೆ ಬರುತ್ತಿತ್ತು, ಅಷ್ಟೇ. ಮೂವರೂ ಪತ್ರ ಬರೆದುಕೊಟ್ಟರು. ತೆಗೆದುಕೊಳ್ಳುವುದೋ ಬಿಡುವುದೋ ಹುಡುಗನ ಇಷ್ಟಕ್ಕೆ ಬಿಟ್ಟರು. ಅವನು ಎರಡನ್ನು ಓದಿದ, ವ್ಯಾನಿನ ಗೆಳೆಯನದನ್ನು ಓದದೆ ಮಡಚಿಟ್ಟ.

ಸ್ಟಿಕರ್ ಅಳಿಸುವ ವಿಷಯದಲ್ಲಿ ಶಾಲೆಯವರಿಗೆ ಒಂದು ಸತ್ಯ ಒಪ್ಪಿಕೊಳ್ಳಬೇಕಾಯಿತು. ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಅಳಿಸಬಹುದು, ಆದರೆ ಕಳಿಸಿ ಸುಮಾರು ಎರಡೂವರೆ ದಿನದೊಳಗೆ. ಇಲ್ಲಿ ಮೂರು ವಾರ ಆಗಿತ್ತು. 40 ಫೋನುಗಳಿಂದ ವಾಪಸ್ ತರಲು ದಾರಿಯಿಲ್ಲ. ಅಡ್ಮಿನ್ ಆಗಿದ್ದ ಹುಡುಗಿ 'ಅಡ್ಮಿನ್ ಮಾತ್ರ ಬರೆಯಬಹುದು' ಎಂದು ಬದಲಿಸಿ, ಒಂದು ಸಾಲು ಹಾಕಿದಳು: 'ಆ ಸ್ಟಿಕರ್ ಇಟ್ಕೊಂಡಿರೋರು ತೆಗೀರಿ. ತೆಗೆಯದಿದ್ರೂ ಪರವಾಗಿಲ್ಲ, ನಂಗೆ ಕಳಿಸ್ಬೇಡಿ.' ಶಿಕ್ಷಕರ ಎರಡು ಸುತ್ತೋಲೆ ಮಾಡದ ಕೆಲಸವನ್ನು ಆ ಒಂದು ಸಾಲು ಮಾಡಿತು.

ಕನ್ನಡದ ಮೇಡಂ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವೇದಿಕೆಯಲ್ಲಿ ನಕ್ಕವರಲ್ಲಿ ಅವರೂ ಇದ್ದರು. ಹುಡುಗ ಮರಳುವ ಮುಂಚೆ ಒಂದು ಪಿರಿಯಡ್ ತೆಗೆದುಕೊಂಡು ಬೋರ್ಡಿನ ಮೇಲೆ ಮೂರು ಕಂಬಸಾಲು ಬರೆದರು. ಮೊದಲನೆಯದರಲ್ಲಿ ಪಾಲ್, ಪೂ, ಪುಲಿ, ಪಳ್ಳಿ. ಎರಡನೆಯದರಲ್ಲಿ ಹಾಲು, ಹೂ, ಹುಲಿ, ಹಳ್ಳಿ. ಮೂರನೆಯದರಲ್ಲಿ ಆಲು, ಊ, ಉಲಿ, ಅಳ್ಳಿ. ಹಳಗನ್ನಡದ ಪಕಾರ ಹಕಾರವಾದಾಗಲೂ ಯಾರೋ ಯಾರನ್ನೋ ನೋಡಿ ನಕ್ಕಿರಬೇಕು, ನಾವೀಗ ಶುದ್ಧ ಎನ್ನುತ್ತಿರುವುದು ಹಾಗೆ ನಗಿಸಿಕೊಂಡವರ ಕನ್ನಡ ಎಂದರು. ಬುಲ್ಲಿಯಿಂಗ್ ಎಂಬ ಪದ ಆ ಪಿರಿಯಡ್ಡಿನಲ್ಲಿ ಬರಲೇ ಇಲ್ಲ. ಕೊನೆಗೆ, ಅವತ್ತು ನಾನೂ ನಗಬಾರದಿತ್ತು ಎಂದರು.

ಆಮೇಲೆ

ಡಿಸೆಂಬರ್ 1ರ ಸೋಮವಾರ ಹುಡುಗ ಶಾಲೆಗೆ ಬಂದ. ಮೊದಲ ವಾರ ಮಧ್ಯಾಹ್ನದವರೆಗೆ ಮಾತ್ರ ಎಂದು ಮಾತಾಗಿತ್ತು, ಮೂರನೇ ದಿನಕ್ಕೆ ಪೂರ್ತಿ ಕೂತ. ನಿದ್ದೆ ಸರಿಹೋಗಲು ಇನ್ನೂ ಒಂದೂವರೆ ತಿಂಗಳು ಹಿಡಿಯಿತು. ಆ ನಡುವೆ ಅವ್ವ ಎರಡು ಸಲ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ ಮಾತಾಡಿದರು.

ಮನೆಯಲ್ಲಿ ಬದಲಾದದ್ದು ಕಡಿಮೆ, ಆದರೆ ಖಚಿತ. ಇನ್‌ಸ್ಟಾಗ್ರಾಂನಲ್ಲಿ ಹುಟ್ಟಿದ ವರ್ಷ ಸರಿಮಾಡಿದ್ದಾಯಿತು. ವಾಟ್ಸ್‌ಆ್ಯಪ್‌ನ ಪ್ರೈವೆಸಿಯಲ್ಲಿ ಗುಂಪಿಗೆ ಸೇರಿಸಬಲ್ಲವರು 'ಎಲ್ಲರೂ' ಎಂದಿದ್ದದ್ದು 'ನನ್ನ ಕಾಂಟ್ಯಾಕ್ಟ್‌ಗಳು' ಎಂದಾಯಿತು. ರಾತ್ರಿ ಒಂಬತ್ತೂವರೆಗೆ ಫೋನು ನಡುಮನೆಯ ಗೂಡಿನಲ್ಲಿ ಚಾರ್ಜಿಗೆ. ಸಮಾಲೋಚಕಿ ಒತ್ತಿ ಹೇಳಿ ಬರೆಸಿದ್ದು ಒಂದೇ ಮಾತು: ತೊಂದರೆ ಹೇಳಿಕೊಂಡದ್ದಕ್ಕೆ ಫೋನು ಕಿತ್ತುಕೊಳ್ಳುವುದಿಲ್ಲ. ಅಪ್ಪ ಇದಕ್ಕೆ ಒಪ್ಪಲು ಒಂದು ವಾರ ಬೇಕಾಯಿತು. ಹೇಳಿದರೆ ಫೋನು ಹೋಗುತ್ತದೆ ಎಂದು ಗೊತ್ತಿದ್ದ ಮಗು ಹೇಳುವುದಿಲ್ಲ. ನವೆಂಬರ್ 3ರಿಂದ 17ರವರೆಗಿನ ಮೌನಕ್ಕೆ ಅರ್ಧ ಕಾರಣ ಅದೇ ಆಗಿತ್ತು.

ಫೆಬ್ರುವರಿಯಲ್ಲಿ ಟ್ಯೂಷನ್ನಿನ ಬೇರೆ ಶಾಲೆಯ ಹುಡುಗನೊಬ್ಬ ಅದೇ ಸ್ಟಿಕರನ್ನು ಮತ್ತೆ ಕಳಿಸಿದ. ಹುಡುಗ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ, ಮೈಸೂರಿಗೆ, ಅಕ್ಕನಿಗೆ ಕಳಿಸಿದ. ಅಪ್ಪನಿಗೆ ಹೇಳಲಿಲ್ಲ.